ಬೆಟಗೇರಿಯ ಮನೆಯೊಂದರ ಕಂಪ್ಯೂಟರಿನಲ್ಲಿ ನೀಲಿ ಪರದೆ: ದುರಸ್ತಿಯ ದಾಖಲೆ

ಗದಗ-ಬೆಟಗೇರಿಯ ನೇಕಾರರ ಓಣಿಯ ಒಂದು ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರು ಇದು. ಇಂಟೆಲ್ ಐ3-10100 ಪ್ರೊಸೆಸರ್, ಎರಡೇ ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ) ಸ್ಲಾಟುಗಳಿರುವ ಎಚ್410 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್‌ಗಳು, ವಿಂಡೋಸ್ ಇರುವ ಒಂದು ಎಸ್‌ಎಸ್‌ಡಿ, ಕೆಲಸದ ಫೈಲುಗಳಿರುವ 1 ಟಿಬಿ ಹಾರ್ಡ್ ಡಿಸ್ಕ್ ಮತ್ತು 600 ವಿಎ ಸಾಮರ್ಥ್ಯದ ಹಳೆಯ ಯುಪಿಎಸ್. ಮನೆಯ ಮಗಳು ಇದರಲ್ಲಿ ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ವಿನ್ಯಾಸ ಮಾಡಿ ಗದಗಿನ ಮುದ್ರಣಾಲಯಗಳಿಗೆ ಕೊಡುತ್ತಾಳೆ. ಪಡಸಾಲೆಯಲ್ಲಿ ವಿದ್ಯುತ್ ಮಗ್ಗಗಳಿವೆ, ಅದಕ್ಕೆ ಹೊಂದಿಕೊಂಡ ಕೋಣೆಯಲ್ಲಿ ಕಂಪ್ಯೂಟರಿದೆ. ಕೊಂಡಾಗ ಇದರಲ್ಲಿ ಒಂದೇ ರ‍್ಯಾಮ್ ಇತ್ತು, ಎರಡನೆಯದನ್ನು ಬಹಳ ದಿನಗಳ ಮೇಲೆ ಹಾಕಿಸಿದ್ದರು. ಮಗ್ಗ ಮತ್ತು ರ‍್ಯಾಮ್, ಈ ಎರಡು ವಿವರಗಳು ಮುಂದೆ ಬೇಕಾಗುವುದರಿಂದ ಮೊದಲೇ ಬರೆದಿದ್ದೇನೆ.

ದೂರು ಹೀಗಿತ್ತು. ಕೆಲಸದ ನಡುವೆ ಪರದೆ ನೀಲಿಯಾಗಿ, ಅದರ ಮೇಲೆ ಮೂಡಿದ್ದನ್ನು ಓದಿ ಮುಗಿಸುವಷ್ಟರಲ್ಲಿ ಕಂಪ್ಯೂಟರು ತಾನಾಗಿ ಮತ್ತೆ ಶುರುವಾಗುತ್ತಿತ್ತು. ಕೆಲವೊಮ್ಮೆ ಕಂಪ್ಯೂಟರು ನಡೆಯುತ್ತಲೇ ಇದ್ದು ಬ್ರೌಸರಿನ ಒಂದು ಪುಟ ಮಾತ್ರ ಬಿದ್ದುಹೋಗುತ್ತಿತ್ತು, ಉಳಿಸಿಟ್ಟ ಫೈಲು ತೆರೆಯಲು ಒಪ್ಪುತ್ತಿರಲಿಲ್ಲ. ಮನೆಯ ಹಿರಿಯರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಹೇಳಿದ್ದು ಇಷ್ಟೇ: "ತಮ್ಮಾ, ಮ್ಯಾಲಿಂದ ಮ್ಯಾಲೆ ಬಂದ್ ಬೀಳತೈತಿ. ಫಾರ್ಮ್ಯಾಟ್ ಮಾಡಿಸಿದ್ರೂ ಅದ ಹಾಡು." ಹಿಂದೆ ನೋಡಿದವರು ವಿಂಡೋಸ್ ತೆಗೆದು ಮತ್ತೆ ಹಾಕಿದ್ದರು, ಸ್ವಲ್ಪ ದಿನ ಸರಿಯಿದ್ದಂತೆ ಕಂಡು, ತೊಂದರೆ ಮರಳಿತ್ತು. ಫಾರ್ಮ್ಯಾಟ್ ಮಾಡುವುದು ದೋಷ ಹುಡುಕುವ ಬಗೆಯಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಅದರಿಂದ ಕಾರಣ ತಿಳಿಯುವುದಿಲ್ಲ, ಮೇಲಾಗಿ ಕಾರಣದ ಗುರುತುಗಳಿರುವ ಡಂಪ್ ಫೈಲುಗಳು (ಬಂದ್ ಬಿದ್ದ ಕ್ಷಣದ ನೆನಪಿನ ನಕಲು) ಮತ್ತು ಲಾಗ್‌ಗಳು ಅಳಿಸಿಹೋಗುತ್ತವೆ. ದೋಷ ರ‍್ಯಾಮಿನ ದಾರಿಯಲ್ಲಿದ್ದರಂತೂ ಹೊಸ ವಿಂಡೋಸಿನ ಫೈಲುಗಳೇ ಅದೇ ಕೆಟ್ಟ ದಾರಿಯಲ್ಲಿ ಹಾಯ್ದು ತಪ್ಪುತಪ್ಪಾಗಿ ಡಿಸ್ಕಿಗೆ ಇಳಿಯುತ್ತವೆ.

ಇದೇ ಕಾರಣಕ್ಕೆ ಫೈಲುಗಳ ನಕಲನ್ನು ಆ ಕಂಪ್ಯೂಟರಿನಲ್ಲಿಯೇ ತೆಗೆಯಲಿಲ್ಲ. ನಕಲು ಮಾಡುವಾಗ ಪ್ರತಿಯೊಂದು ಫೈಲೂ ರ‍್ಯಾಮಿನ ಮೂಲಕವೇ ಹೋಗುತ್ತದೆ. ಸಾಮಾನ್ಯ ಮನೆಯ ಕಂಪ್ಯೂಟರಿನ ರ‍್ಯಾಮಿನಲ್ಲಿ ತಪ್ಪು ಹಿಡಿಯುವ ಇಸಿಸಿ ವ್ಯವಸ್ಥೆ ಇರುವುದಿಲ್ಲವಾದ್ದರಿಂದ, ಒಂದು ಬಿಟ್ (0 ಅಥವಾ 1 ಎಂಬ ಒಂದು ಅಂಕಿ) ಬದಲಾದರೂ ಯಾವ ಎಚ್ಚರಿಕೆಯೂ ಬಾರದೆ ನಕಲು ಕೆಟ್ಟುಹೋಗಬಹುದು, ಅದು ತಿಳಿಯುವುದು ಎಷ್ಟೋ ದಿನಗಳ ಮೇಲೆ ಫೈಲು ತೆರೆದಾಗ. ಆದ್ದರಿಂದ ಹಾರ್ಡ್ ಡಿಸ್ಕು ಮತ್ತು ಎಸ್‌ಎಸ್‌ಡಿ ಎರಡನ್ನೂ ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನಲ್ಲಿ ನನ್ನ ಮನೆಯ ಕಂಪ್ಯೂಟರಿಗೆ ಹಚ್ಚಿ ನಕಲು ತೆಗೆದೆ. ಅಲ್ಲಿಯೇ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಎರಡರ ಸ್ಮಾರ್ಟ್ ವಿವರಗಳನ್ನೂ, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವನ್ನೂ, ನೋಡಿದೆ. ಕೆಟ್ಟ ಸೆಕ್ಟರುಗಳ ಎಣಿಕೆ ಸೊನ್ನೆಯಿತ್ತು. ಡಿಸ್ಕುಗಳ ಮೇಲಿನ ಸಂಶಯ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಡಿಸ್ಕುಗಳನ್ನು ಮರಳಿ ಜೋಡಿಸಿದ ಮೇಲೆ ಮೊದಲು ಮಾಡಿದ ಕೆಲಸ, ಕಂಪ್ಯೂಟರು ತಾನಾಗಿ ಮತ್ತೆ ಶುರುವಾಗುವುದನ್ನು ನಿಲ್ಲಿಸಿದ್ದು. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಸ್ಟಾರ್ಟಪ್ ಆಂಡ್ ರಿಕವರಿ ಎಂಬುದನ್ನು ತೆರೆದು, ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎಂಬಲ್ಲಿಯ ಗುರುತನ್ನು ತೆಗೆದರೆ ನೀಲಿ ಪರದೆ ನಾವು ಓದುವವರೆಗೂ ನಿಲ್ಲುತ್ತದೆ. ಅದೇ ಕಿಟಕಿಯಲ್ಲಿ ಸ್ಮಾಲ್ ಮೆಮರಿ ಡಂಪ್ ಆಯ್ದುಕೊಂಡರೆ ಪ್ರತಿ ಬಾರಿಯ ವಿವರವೂ ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಎಂಬಲ್ಲಿ ಬೇರೆಬೇರೆ ಫೈಲಾಗಿ ಉಳಿಯುತ್ತದೆ. ನಂತರ ಆ ಹುಡುಗಿಯ ಕೈಗೆ ಒಂದು ನೋಟುಬುಕ್ ಕೊಟ್ಟು, ಬಂದ್ ಬಿದ್ದಾಗಲೆಲ್ಲ ಹೊತ್ತು, ಪರದೆಯ ಮೇಲಿನ ಸ್ಟಾಪ್ ಕೋಡ್ (ದೋಷದ ಹೆಸರು ಅಥವಾ ಸಂಖ್ಯೆ) ಮತ್ತು ಆಗ ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆದಿಡಲು ಹೇಳಿದೆ.

ಆ ನೋಟುಬುಕ್ಕೇ ಈ ದುರಸ್ತಿಯ ಬಹುಭಾಗವನ್ನು ಮಾಡಿತು. ಮೊದಲ ಪುಟ ತುಂಬುವ ಮುನ್ನವೇ ಅವಳು ಕರೆ ಮಾಡಿ, "ಅಣ್ಣಾ, ಈ ಸಲ ನೀಲಿ ಬರಲೇ ಇಲ್ಲ, ಕರೆಂಟ್ ಹೋದಂಗ ಪಟ್ಟನ ಆರಿ ಮತ್ತ ತಾನ ಚಾಲೂ ಆತು. ಇದನ್ನೂ ಬರೀಲೇನು?" ಎಂದು ಕೇಳಿದಳು. ಅಲ್ಲಿಯವರೆಗೆ ಮನೆಯವರು ಎರಡನ್ನೂ ಬಂದ್ ಬೀಳುವುದು ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಆದರೆ ಇವೆರಡೂ ಮೂಲದಲ್ಲಿಯೇ ಬೇರೆ. ನೀಲಿ ಪರದೆ ಬಂತೆಂದರೆ, ಒಳಗೆ ಏನೋ ತಪ್ಪಿದೆ ಎಂಬುದನ್ನು ವಿಂಡೋಸ್ ಕಂಡುಹಿಡಿದು, ಇನ್ನಷ್ಟು ಹಾನಿಯಾಗದಿರಲೆಂದು ಬೇಕೆಂದೇ ತನ್ನನ್ನು ನಿಲ್ಲಿಸಿಕೊಂಡಿತು ಎಂದರ್ಥ. ಏನೂ ತೋರಿಸದೆ ಆರಿದರೆ, ವಿಂಡೋಸಿಗೆ ಸಂಗತಿ ತಿಳಿಯುವ ಮೊದಲೇ ಕಾಲಕೆಳಗಿನ ವಿದ್ಯುತ್ತು ಹೋಯಿತು ಎಂದರ್ಥ. ಪರದೆಯ ಬಣ್ಣವನ್ನೊಂದೇ ನೆಚ್ಚಿಕೊಳ್ಳಬಾರದು ಎಂಬ ಮಾತನ್ನೂ ಇಲ್ಲಿ ಸೇರಿಸಬೇಕು: 2025ರಲ್ಲಿ ಬಂದ ವಿಂಡೋಸ್ 11ರ ಬದಲಾವಣೆಯಿಂದ ಈ ದೋಷದ ಪರದೆ ಕಪ್ಪು ಬಣ್ಣದ್ದಾಗಿದೆ. ಪರದೆಯ ಮೇಲೆ ಸ್ಟಾಪ್ ಕೋಡ್ ಇದೆಯೋ ಇಲ್ಲವೋ ಎಂಬುದನ್ನು ನೋಡಬೇಕು.

ನೋಟುಬುಕ್ಕಿನಲ್ಲಿದ್ದುದನ್ನು ವಿಂಡೋಸಿನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನೊಡನೆ ಹೋಲಿಸಿ ನೋಡಿದೆ. ಸರಿಯಾಗಿ ಬಂದ್ ಮಾಡದೆ ಕಂಪ್ಯೂಟರು ಮತ್ತೆ ಶುರುವಾದಾಗಲೆಲ್ಲ ಅಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಬೀಳುತ್ತದೆ. ಬಹಳ ಜನ ಅದನ್ನು ಕಂಡೊಡನೆ ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ, ಆದರೆ ಅದು ನೀಲಿ ಪರದೆಯ ನಂತರವೂ ಬೀಳುತ್ತದೆ, ಕರೆಂಟು ಹೋದಾಗಲೂ ಬೀಳುತ್ತದೆ. ಬಿಡಿಸಿ ನೋಡಬೇಕಾದದ್ದು ಅದರ ಡಿಟೇಲ್ಸ್ ಭಾಗದಲ್ಲಿರುವ ಬಗ್‌ಚೆಕ್ ಕೋಡ್ ಎಂಬ ಅಂಕಿಯನ್ನು. ಅಲ್ಲಿ ಸಂಖ್ಯೆಯನ್ನು ಸಾಮಾನ್ಯ ದಶಮಾನದಲ್ಲಿ ಬರೆದಿರುತ್ತಾರೆ, ಸ್ಟಾಪ್ ಕೋಡ್‌ಗಳ ಪಟ್ಟಿಯಾದರೋ ಹದಿನಾರರ ಲೆಕ್ಕದಲ್ಲಿರುತ್ತದೆ, ಆದ್ದರಿಂದ ಪರಿವರ್ತಿಸಿಕೊಳ್ಳಬೇಕು. 26 ಎಂದಿದ್ದರೆ ಅದು 1ಎ, ಅಂದರೆ ಮೆಮರಿ ಮ್ಯಾನೇಜ್‌ಮೆಂಟ್. 80 ಎಂದರೆ 50, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ. 313 ಎಂದರೆ 139, ಕರ್ನಲ್ ಸೆಕ್ಯೂರಿಟಿ ಚೆಕ್ ಫೇಲ್ಯೂರ್. ಈ ಮೂರೂ ನಮ್ಮ ಲಾಗ್‌ನಲ್ಲಿದ್ದವು. ಅಂಕಿ ಸೊನ್ನೆಯಾಗಿದ್ದರೆ ನೀಲಿ ಪರದೆಯ ದಾಖಲೆಯೇ ಇಲ್ಲ ಎಂದಾಯಿತು. ಪವರ್ ಬಟನ್ನನ್ನು ಒತ್ತಿಹಿಡಿದು ಬಂದ್ ಮಾಡಿದರೂ ಸೊನ್ನೆಯೇ ಬರುವುದರಿಂದ ಹಾಗೆ ಮಾಡಿರಲಿಲ್ಲ ಎಂಬುದನ್ನು ಹುಡುಗಿಯಿಂದ ಖಚಿತಪಡಿಸಿಕೊಂಡೆ. ಸೊನ್ನೆ ಇದ್ದ ದಾಖಲೆಗಳನ್ನು ಒಂದು ಕಡೆ, ಇಲ್ಲದವನ್ನು ಇನ್ನೊಂದು ಕಡೆ ಬರೆದು ನೋಡಿದಾಗ ಈ ಮನೆಯಲ್ಲಿ ಎರಡು ದೋಷಗಳು ಒಂದರ ಮೇಲೊಂದು ಕುಳಿತಿವೆ ಎಂಬುದು ಸ್ಪಷ್ಟವಾಯಿತು. ಒಂದನ್ನು ಸರಿಪಡಿಸಿದಾಗಲೂ ಇನ್ನೊಂದು ಉಳಿದೇ ಇರುವುದರಿಂದ, ಇವನ್ನು ಬೇರ್ಪಡಿಸದೆ ಯಾರು ಕೈಹಾಕಿದ್ದರೂ ಮಾಡಿದ ಕೆಲಸ ಫಲಿಸಲಿಲ್ಲ ಎಂದೇ ಅನ್ನಿಸುತ್ತಿತ್ತು.

ಮೊದಲು ನೀಲಿ ಪರದೆಯನ್ನು ಹಿಡಿದೆ. ಡಂಪ್ ಫೈಲುಗಳನ್ನು, ಅವನ್ನು ಬಿಡಿಸಿ ಓದುವ ತಂತ್ರಾಂಶವಾದ ವಿನ್‌ಡಿಬಿಜಿಯಲ್ಲಿ ಒಂದೊಂದಾಗಿ ತೆರೆದು ನೋಡಿದಾಗ ಆರೋಪ ಒಮ್ಮೆ ಫೈಲ್ ವ್ಯವಸ್ಥೆಯ ಮೇಲೆ, ಒಮ್ಮೆ ಗ್ರಾಫಿಕ್ಸ್ ಭಾಗದ ಮೇಲೆ, ಹಲವು ಸಲ ವಿಂಡೋಸಿನ ತಿರುಳಾದ ಕರ್ನಲ್‌ನ ಮೇಲೆಯೇ ಬರುತ್ತಿತ್ತು. ಕರ್ನಲ್ ಹೆಸರು ಬಂದರೆ ವಿಂಡೋಸ್ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ. ತಪ್ಪು ಬಯಲಾದದ್ದು ಅಲ್ಲಿ, ಹುಟ್ಟಿದ್ದು ಬೇರೆಲ್ಲೋ ಇರಬಹುದು. ಪ್ರತಿ ಸಲವೂ ಒಂದೇ ಡ್ರೈವರಿನ (ಯಂತ್ರಭಾಗವೊಂದನ್ನು ನಡೆಸುವ ತಂತ್ರಾಂಶ) ಹೆಸರು ಬಂದಿದ್ದರೆ ಆ ಡ್ರೈವರನ್ನು ಬದಲಾಯಿಸಿ ನೋಡುತ್ತಿದ್ದೆ. ಸ್ಟಾಪ್ ಕೋಡ್ ಒಂದೊಂದು ಸಲ ಒಂದೊಂದು, ಆರೋಪಿಯೂ ಒಂದೊಂದು ಸಲ ಒಬ್ಬ, ಜೊತೆಗೆ ಬ್ರೌಸರಿನ ಪುಟಗಳು ಬೀಳುವುದು, ಫೈಲುಗಳು ಕೆಡುವುದು ಇವೆಲ್ಲ ಸೇರಿದರೆ ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಳ್ಳುವ ಯಾವುದೋ ವಸ್ತುವಿನಲ್ಲಿ ದೋಷವಿದೆ ಎಂದು ಅನುಮಾನಿಸಬೇಕು. ಅಂಥ ವಸ್ತುಗಳಲ್ಲಿ ಮೊದಲನೆಯದು ರ‍್ಯಾಮ್.

ವಿಂಡೋಸಿನ ಜೊತೆಗೇ ಬರುವ ಮೆಮರಿ ಡಯಾಗ್ನೊಸ್ಟಿಕ್ ಯಾವ ತಪ್ಪನ್ನೂ ತೋರಿಸಲಿಲ್ಲ. ಅದು ತಪ್ಪು ತೋರಿಸಿದರೆ ನಂಬಬಹುದು. ಏನೂ ಇಲ್ಲ ಎಂದರೆ ಅಷ್ಟಕ್ಕೇ ಸುಮ್ಮನಾಗಬಾರದು. ಆದ್ದರಿಂದ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರನ್ನು ಬೂಟ್ ಮಾಡಿದೆ. ಇದಕ್ಕಾಗಿ ಬಯೋಸ್‌ನಲ್ಲಿ ಸೆಕ್ಯೂರ್ ಬೂಟನ್ನು (ಸಹಿಯಿರುವ ತಂತ್ರಾಂಶದಿಂದ ಮಾತ್ರ ಬೂಟ್ ಆಗಗೊಡುವ ಕಾವಲು) ತಾತ್ಕಾಲಿಕವಾಗಿ ತೆಗೆಯಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಹೀಗೆ ಮಾಡುವ ಮೊದಲು ಅದರ ರಿಕವರಿ ಕೀ ಕೈಯಲ್ಲಿರಲೇಬೇಕು. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡಿದಾಗ ಪರದೆಯ ಕೆಳಭಾಗ ಕೆಂಪು ಸಾಲುಗಳಿಂದ ತುಂಬಿತ್ತು.

ಆ ಸಾಲುಗಳನ್ನು ನಿಧಾನವಾಗಿ ಓದಿದರೆ ರ‍್ಯಾಮ್ ಕೆಟ್ಟಿದೆ ಎಂಬುದಕ್ಕಿಂತ ಹೆಚ್ಚಿನದು ತಿಳಿಯುತ್ತದೆ. ಮೆಮ್‌ಟೆಸ್ಟ್ ಪ್ರತಿ ತಪ್ಪಿಗೂ ಅದರ ವಿಳಾಸ, ಬರೆದ ಬೆಲೆ ಮತ್ತು ಓದಿದಾಗ ಬಂದ ಬೆಲೆಯನ್ನು ತೋರಿಸುತ್ತದೆ. ರ‍್ಯಾಮ್ ಚಿಪ್ಪಿನ ಒಂದು ಕೋಶ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ವಿಳಾಸ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ವಿಳಾಸಗಳು ಎಲ್ಲೆಲ್ಲೋ ಚದುರಿದ್ದವು, ಆದರೆ ಬರೆದ ಬೆಲೆಗೂ ಓದಿದ ಬೆಲೆಗೂ ಇದ್ದ ವ್ಯತ್ಯಾಸ ಮಾತ್ರ ಪ್ರತಿ ಸಾಲಿನಲ್ಲಿಯೂ ಒಂದೇ ಬಿಟ್‌ನದು. ಪ್ರೊಸೆಸರಿನಿಂದ ಡಿಡಿಆರ್4 ರ‍್ಯಾಮಿಗೆ 64 ದತ್ತಾಂಶ ತಂತುಗಳು ಹೋಗುತ್ತವೆ. ಅವುಗಳಲ್ಲಿ ಒಂದು ತಂತುವಿನ ಸಂಪರ್ಕ ಸಡಿಲವಾಗಿದ್ದರೆ ಯಾವ ವಿಳಾಸವನ್ನು ಓದಿದರೂ ಕೆಡುವುದು ಆ ಒಂದು ಬಿಟ್ಟೇ. ಮಗ್ಗದಲ್ಲಿ ಹಾಸಿನ ಒಂದು ಎಳೆ ಕಡಿದರೆ ನೇಯ್ದ ಬಟ್ಟೆಯ ಉದ್ದಕ್ಕೂ ಅದೇ ಜಾಗದಲ್ಲಿ ಗೆರೆ ಬೀಳುತ್ತದಲ್ಲ, ಇದೂ ಹಾಗೆಯೇ ಎಂದು ಕಾಕಾ ಅವರಿಗೆ ಹೇಳಿದೆ. ಅವರು ತಕ್ಷಣ, "ಹಂಗಾರ ನೂಲು ಛಲೋ ಐತಿ, ಎಳಿ ಎಲ್ಲಿ ಬಿಟ್ಟೈತಿ ಅನ್ನೋದನ್ನ ಹುಡುಕಬೇಕು" ಎಂದರು. ಮಾಡಬೇಕಾಗಿದ್ದ ಕೆಲಸ ಅದೇ ಆಗಿತ್ತು.

ಎರಡೂ ರ‍್ಯಾಮ್‌ಗಳು ಒಟ್ಟಿಗೆ ಇದ್ದಾಗ ಡ್ಯುಯಲ್ ಚಾನೆಲ್ ವ್ಯವಸ್ಥೆ ದತ್ತಾಂಶವನ್ನು ಎರಡರಲ್ಲಿಯೂ ಹೆಣೆದು ಇಡುವುದರಿಂದ ವಿಳಾಸ ನೋಡಿ ತಪ್ಪು ಯಾವುದರದ್ದು ಎಂದು ಹೇಳಲಾಗದು. ಒಂದೊಂದನ್ನೇ ಹಾಕಿ ಪರೀಕ್ಷಿಸಬೇಕು, ಪ್ರತಿ ಸಲವೂ ಒಂದನ್ನು ಮಾತ್ರ ಬದಲಾಯಿಸಬೇಕು. ರ‍್ಯಾಮ್‌ಗಳ ಮೇಲಿನ ಚೀಟಿಯಲ್ಲಿ ಕ ಮತ್ತು ಖ ಎಂದು ಬರೆದೆ. ಮೊದಲ ಸ್ಲಾಟಿನಲ್ಲಿ ಕ ಸರಿಯಾಗಿತ್ತು, ಖ ಕೂಡ ಸರಿಯಾಗಿತ್ತು. ಎರಡನೆಯ ಸ್ಲಾಟಿಗೆ ಹೋದೊಡನೆ ಕ ತಪ್ಪು ತೋರಿಸಿತು, ಖ ಕೂಡ ಅದೇ ಬಿಟ್‌ನಲ್ಲಿ ತಪ್ಪು ತೋರಿಸಿತು. ರ‍್ಯಾಮ್‌ಗಳು ನಿರ್ದೋಷಿಗಳು. ದೋಷವಿರುವುದು ಎರಡನೆಯ ಸ್ಲಾಟಿನಲ್ಲಿ, ಅಥವಾ ಅಲ್ಲಿಂದ ಪ್ರೊಸೆಸರಿನವರೆಗಿನ ದಾರಿಯಲ್ಲಿ. ಈ ಹಂತವನ್ನು ಬಿಟ್ಟು ಹೊಸ ರ‍್ಯಾಮ್ ತಂದು ಎರಡನೆಯ ಸ್ಲಾಟಿಗೆ ಹಾಕಿದ್ದರೆ ಹಣವೂ ಹೋಗುತ್ತಿತ್ತು, ತೊಂದರೆಯೂ ಉಳಿಯುತ್ತಿತ್ತು.

ಕ್ಯಾಬಿನೆಟ್ಟಿನ ಒಳಗಿನ ಸ್ಥಿತಿ ಕಾರಣವನ್ನು ತಾನೇ ಹೇಳುತ್ತಿತ್ತು. ಮಗ್ಗದಿಂದ ಹಾರುವ ನೂಲಿನ ಸಣ್ಣ ಎಳೆಗಳು ಪ್ರೊಸೆಸರಿನ ಫ್ಯಾನಿನ ಕೆಳಗೆ, ಅದರ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಒತ್ತಾಗಿ ಕೂತಿದ್ದವು. ಇವು ಒಣ ಧೂಳಿನಂತೆ ಉದುರುವುದಿಲ್ಲ, ನೂಲಿಗೆ ಹಾಕುವ ಗಂಜಿ ಮಳೆಗಾಲದ ತೇವಕ್ಕೆ ಅಂಟಾಗಿ, ಬೇಸಿಗೆಯಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ. ಎರಡನೆಯ ಸ್ಲಾಟು ಬಹಳ ಕಾಲ ಖಾಲಿಯಿತ್ತೆಂದು ಮೊದಲೇ ಬರೆದಿದ್ದೇನೆ. ಆ ಕಾಲದಲ್ಲಿ ತೆರೆದ ಸೀಳಿನೊಳಗೆ ಎಳೆಗಳು ತುಂಬಿದ್ದು, ಆಮೇಲೆ ರ‍್ಯಾಮ್ ಹಾಕಿದಾಗ ಅವು ಸೂಕ್ಷ್ಮ ಸಂಪರ್ಕಗಳ ನಡುವೆ ಒತ್ತಿಕೊಂಡಿವೆ. ಟಾರ್ಚು ಮತ್ತು ಭೂತಗನ್ನಡಿ ಹಿಡಿದು ನೋಡಿದಾಗ ಸೀಳಿನ ಒಂದು ತುದಿಯಲ್ಲಿ ಬೂದುಬಣ್ಣದ ಪದರ ಕಾಣುತ್ತಿತ್ತು. ರ‍್ಯಾಮಿನಲ್ಲಿ 288 ಸಂಪರ್ಕಗಳಿರುತ್ತವೆ, ಅವು ಕೆಲಸ ಮಾಡುವುದು 1.2 ವೋಲ್ಟಿನಲ್ಲಿ, ಇಷ್ಟು ಕಡಿಮೆ ವೋಲ್ಟೇಜಿನಲ್ಲಿ, ಇಷ್ಟು ವೇಗದಲ್ಲಿ ಒಂದು ಸಂಪರ್ಕದ ಮೇಲಿನ ತೆಳು ಪದರವೂ ಸಾಕಾಗುತ್ತದೆ.

ಸ್ವಚ್ಛಗೊಳಿಸುವ ಕ್ರಮವನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ಅವಸರ ಮಾಡಿದರೆ ಮದರ್‌ಬೋರ್ಡೇ ಹೋಗುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಗೊಟ್ಟೆ. ಗದಗಿನ ಬೇಸಿಗೆಯ ಒಣ ಹವೆಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಸುಲಭವಾಗಿ ಸೇರುವುದರಿಂದ ಬೋರ್ಡಿಗೆ ಕೈಹಚ್ಚುವ ಮುನ್ನ ಪ್ರತಿ ಸಲವೂ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿದ್ದೆ. ಮೊದಲು ಒಣಗಿರುವಾಗಲೇ ಎಳೆಗಳನ್ನು ಚಿಮುಟದಿಂದ ಮತ್ತು ಮೆತ್ತನೆಯ ಬ್ರಶ್ಶಿನಿಂದ ತೆಗೆದೆ. ಮೊದಲೇ ದ್ರವ ಹಾಕಿದರೆ ಅವು ಒದ್ದೆಯಾಗಿ ಸೀಳಿನ ತಳಕ್ಕೆ ಇಳಿಯುತ್ತವೆ. ಬ್ಲೋವರ್ ಬಳಸುವಾಗ ಫ್ಯಾನುಗಳು ತಿರುಗದಂತೆ ಬೆರಳಿನಿಂದ ಹಿಡಿದಿದ್ದೆ. ಆಮೇಲೆ ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತರಿಸಿದ್ದ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬ್ರಶ್ಶಿಗೆ ಸ್ವಲ್ಪವೇ ಹಚ್ಚಿ ಸೀಳಿನ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಎಳೆದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಸಲ್ಲದು, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ಲಿನ ರಬ್ಬರಿನಿಂದ ಉಜ್ಜುವ ರೂಢಿ ನಮ್ಮಲ್ಲಿದೆ. ಅದು ಮೇಲಿನ ಲೇಪವನ್ನು ಸವೆಸುತ್ತದೆ, ಅದರ ಪುಡಿ ಮತ್ತೆ ಸ್ಲಾಟಿಗೇ ಬೀಳುತ್ತದೆ. ಆಲ್ಕೊಹಾಲ್ ಹಚ್ಚಿದ ಬಟ್ಟೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಪ್ರೊಸೆಸರಿನ ಹೀಟ್‌ಸಿಂಕನ್ನೂ ಬಿಚ್ಚಿ ತೊಳೆದು ಹೊಸ ಥರ್ಮಲ್ ಪೇಸ್ಟ್ ಹಾಕಿದೆ.

ಪೂರ್ತಿ ಒಣಗಿದ ಮೇಲೆ ಖ ರ‍್ಯಾಮನ್ನು ಎರಡನೆಯ ಸ್ಲಾಟಿಗೆ ಹಾಕಿ ಮೆಮ್‌ಟೆಸ್ಟ್ ಹಚ್ಚಿದೆ. ಒಂದೂ ಕೆಂಪು ಸಾಲು ಬರಲಿಲ್ಲ. ಎರಡೂ ರ‍್ಯಾಮ್ ಹಾಕಿ ಇಡೀ ರಾತ್ರಿ ಬಿಟ್ಟಾಗಲೂ ಬರಲಿಲ್ಲ. ವಿಂಡೋಸಿನ ಫೈಲುಗಳಿಗೆ ಕೈಹಾಕಿದ್ದು ಇದಾದ ಮೇಲೆಯೇ. ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್, ನಂತರ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಎಂಬ ವಿಂಡೋಸಿನ ದುರಸ್ತಿ ಆಜ್ಞೆಗಳನ್ನು ನಡೆಸಿದಾಗ ಕೆಟ್ಟಿದ್ದ ಕೆಲವು ಫೈಲುಗಳು ಸಿಕ್ಕು ಸರಿಯಾದವು. ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿದೆ. ಆ ಬಳಿಕ ಬಗ್‌ಚೆಕ್ ಕೋಡ್ ಇರುವ ದಾಖಲೆ ಲಾಗ್‌ನಲ್ಲಿ ಬಿದ್ದಿಲ್ಲ.

ಸೊನ್ನೆಯ ದಾಖಲೆಗಳು ಮಾತ್ರ ನಿಲ್ಲಲಿಲ್ಲ. ನೋಟುಬುಕ್ಕಿನ ಪ್ರಕಾರ ಅವೆಲ್ಲ ಬೆಳಿಗ್ಗೆ ಮಗ್ಗ ಹಚ್ಚುವ ಹೊತ್ತಿಗೆ ಮತ್ತು ಮಧ್ಯಾಹ್ನ ಊಟವಾಗಿ ಮತ್ತೆ ಹಚ್ಚುವ ಹೊತ್ತಿಗೆ ಬಿದ್ದಿದ್ದವು. ಮೋಟರು ಶುರುವಾಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಬಳಕೆಯ ಐದರಿಂದ ಏಳು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ, ಆಗ ಅದೇ ವೈರಿನಲ್ಲಿರುವ ಉಳಿದ ಸಾಮಾನುಗಳಿಗೆ ವೋಲ್ಟೇಜು ಕುಸಿಯುತ್ತದೆ. ಕೋಣೆಯ ಬಲ್ಬು ಒಮ್ಮೆ ಮಂಕಾಗುವುದು ಇದರಿಂದಲೇ. ಆದರೆ ಕಂಪ್ಯೂಟರಿಗೆ ಯುಪಿಎಸ್ ಇದೆ, ಅದರ ಹಸಿರು ದೀಪವೂ ಉರಿಯುತ್ತಿದೆ, ಹೀಗಿರುವಾಗ ಆರುವುದೇಕೆ? ಕಂಪ್ಯೂಟರನ್ನು ತೆಗೆದು ಯುಪಿಎಸ್‌ಗೆ ಒಂದು ಸಾದಾ 40 ವ್ಯಾಟ್ ಬಲ್ಬನ್ನು ಹಚ್ಚಿ, ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. ಬಲ್ಬು ಆ ಕ್ಷಣವೇ ಆರಿತು. ಒಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯನ್ನು ಹೊರತೆಗೆದು ಮಲ್ಟಿಮೀಟರ್ ಹಿಡಿದಾಗ, ರಾತ್ರಿಯಿಡೀ ಚಾರ್ಜಾಗಿದ್ದರೂ 11 ವೋಲ್ಟಿಗಿಂತ ಕಡಿಮೆ ತೋರಿಸಿತು. ಸರಿಯಿರುವ ಬ್ಯಾಟರಿ 12.6ರಿಂದ 12.8ರವರೆಗೆ ತೋರಿಸಬೇಕು.

ಸತ್ತ ಬ್ಯಾಟರಿಯ ಯುಪಿಎಸ್ ಇದ್ದೂ ಇಲ್ಲದಂತೆ ಎಂದು ತಿಳಿದರೆ ಸಾಲದು, ಅದು ಇರುವುದರಿಂದಲೇ ತೊಂದರೆ ಹೆಚ್ಚಾಗುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡಿನಷ್ಟು ಕಾಲ ವಿದ್ಯುತ್ತಿಲ್ಲದೆಯೂ ನಡೆಸಬಲ್ಲದು, ಬರೀ ವೋಲ್ಟೇಜು ಕುಸಿದರೆ ಅದಕ್ಕಿಂತ ಹೆಚ್ಚು ತಾಳಬಲ್ಲದು. ಯುಪಿಎಸ್ ಬ್ಯಾಟರಿಗೆ ಬದಲಾಗಲು ಸಾಮಾನ್ಯವಾಗಿ 4ರಿಂದ 10 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಆ ಅಂತರವನ್ನು ಎಸ್‌ಎಂಪಿಎಸ್ ದಾಟಿಸುತ್ತದೆ. ಇಲ್ಲಿ ಆಗುತ್ತಿದ್ದುದೇನೆಂದರೆ, ಮಗ್ಗ ಶುರುವಾಗಿ ವೋಲ್ಟೇಜು ಕುಸಿದೊಡನೆ ಯುಪಿಎಸ್ ಗೋಡೆಯ ವಿದ್ಯುತ್ತನ್ನು ಬಿಟ್ಟು ಬ್ಯಾಟರಿಗೆ ಬದಲಾಗುತ್ತಿತ್ತು, ಬ್ಯಾಟರಿಯಲ್ಲಿ ಏನೂ ಇರುತ್ತಿರಲಿಲ್ಲ. ಕಂಪ್ಯೂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಚ್ಚಿ ಮಗ್ಗ ಶುರುಮಾಡಿಸಿದಾಗ ಅದು ಆರಲಿಲ್ಲ, ಯುಪಿಎಸ್ ಮೂಲಕ ಹಚ್ಚಿದಾಗ ಆರಿತು. ಎಸ್‌ಎಂಪಿಎಸ್ ಬದಲಾಯಿಸುವ ಅಗತ್ಯ ಬೀಳಲಿಲ್ಲ. ಅದನ್ನು ಬಿಚ್ಚಿ ನೋಡುವ ಆಸೆ ಯಾರಿಗೂ ಬೇಡ: ಪ್ಲಗ್ ಕಿತ್ತ ಮೇಲೆಯೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಹೊಸ ಬ್ಯಾಟರಿಯನ್ನು ಗದಗಿನಲ್ಲಿಯೇ ಕೊಂಡು, ಹಳೆಯದನ್ನು ಅದೇ ಅಂಗಡಿಗೆ ಮರಳಿಸಿದೆವು.

ಸಾಕೆಟ್ಟನ್ನು ಅಳೆಯುವಾಗ ಇನ್ನೊಂದು ಸಂಗತಿ ಸಿಕ್ಕಿತು. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ ಎಂದು ಹುಡುಗಿಯ ಅವ್ವ ಮೊದಲಿನಿಂದಲೂ ಹೇಳುತ್ತಿದ್ದರಂತೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸರಿಯಾದ ವೋಲ್ಟೇಜಿತ್ತು, ಫೇಸ್ ಮತ್ತು ಅರ್ಥಿಂಗ್ ನಡುವೆ ಇರಲಿಲ್ಲ. ಮೂರನೆಯ ತೂತಿಗೆ ಅರ್ಥಿಂಗ್ ವೈರು ತಲುಪಿರಲೇ ಇಲ್ಲ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿನ ಲೋಹಕ್ಕೆ ಸುಮಾರು ಅರ್ಧದಷ್ಟು ವೋಲ್ಟೇಜು ಬಂದು ನಿಲ್ಲುತ್ತದೆ. ನೀಲಿ ಪರದೆಗೆ ಇದು ಕಾರಣವೆಂದು ಹೇಳಲು ನನ್ನ ಬಳಿ ಆಧಾರವಿಲ್ಲ, ಆದರೆ ಮನುಷ್ಯರ ಸುರಕ್ಷತೆಯ ಮಾತು ಅದಕ್ಕಿಂತ ದೊಡ್ಡದು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಜೋಡಿಸಿದ ಮೇಲೆಯೇ ಕಂಪ್ಯೂಟರನ್ನು ಮತ್ತೆ ಕೆಲಸಕ್ಕೆ ಕೊಟ್ಟೆ.

ಉಳಿದಿರುವ ಕೆಲಸಗಳು ಎರಡು. ಮಗ್ಗಗಳಿಗೆ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ವೈರು ಮತ್ತು ಎಂಸಿಬಿ ಹಾಕಿಸಲು ಕಾಕಾ ಒಪ್ಪಿದ್ದಾರೆ, ಮಗ್ಗ ನಿಲ್ಲಿಸಬಹುದಾದ ದಿನ ನೋಡಿ ಅದನ್ನು ಮಾಡಿಸಬೇಕು. ಕ್ಯಾಬಿನೆಟ್ಟಿನ ಗಾಳಿಯ ಕಿಂಡಿಗಳಿಗೆ ಬಿಚ್ಚಿ ತೊಳೆಯಲು ಬರುವ ತೆಳುವಾದ ಜಾಲರಿಯನ್ನು ಹುಬ್ಬಳ್ಳಿಯಿಂದ ತರಿಸಿ ಕೂರಿಸಬೇಕು. ಬ್ಯಾಟರಿಯನ್ನು ಹಾಕಿದ ತಿಂಗಳನ್ನು ಯುಪಿಎಸ್‌ನ ಮೇಲೆ ಬರೆದು ಅಂಟಿಸಿದ್ದೇವೆ. ಉಷ್ಣತೆ 25 ಡಿಗ್ರಿಗಿಂತ 10 ಡಿಗ್ರಿಯಷ್ಟು ಹೆಚ್ಚಿದ್ದರೆ ಇಂಥ ಬ್ಯಾಟರಿಯ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರತಿ ಬೇಸಿಗೆಯ ಮೊದಲು ಮತ್ತು ನಂತರ ಬಲ್ಬಿನ ಪರೀಕ್ಷೆ ಮಾಡುವುದೆಂದು ಹುಡುಗಿ ಅದೇ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ.